ನಿಂಬೆಹಣ್ಣು ತುಳಿಯದ ಕಾರು

ಹೋದ ತಿಂಗಳು ಶಿಕಾರಿಪುರದಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದೆ. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ವಯಸ್ಸು ಎಂಬತ್ತರ ಹತ್ತಿರ ಬಂದರೂ ಹತ್ತು ನಿಮಿಷ ಒಂದೇ ಕಡೆ ನಿಂತರೆ ಕಾಲಿಗೆ ಇರುವೆ ಹತ್ತಿದ ಹಾಗಾಗುತ್ತದೆ. ಹಾಗೆ ಅತ್ತಿಂದಿತ್ತ ಅಡ್ಡಾಡುತ್ತಾ ಪಕ್ಕದ ಗ್ಯಾರೇಜಿನ ಮುಂದೆ ಬಂದೆ. ಅಲ್ಲೊಬ್ಬರು ಗೂಡ್ಸ್ ಗಾಡಿಯ ಹಿಂದಿನ ಹೌಸಿಂಗು ಬಿಚ್ಚಿ ಹಳೇ ಗೇರ್ ಆಯಿಲನ್ನು ಬಾಂಡ್ಲಿಗೆ ಸುರಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತೇಬಿಟ್ಟೆ. ಕೊಳೆತ ಮೊಟ್ಟೆಯನ್ನೂ ಸುಟ್ಟ ಬೆಲ್ಲವನ್ನೂ ಕಲಸಿದಂಥ ಕೆಟ್ಟ ವಾಸನೆ ಅದು. ಸೊರಬದ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆ ನನ್ನ ಅಂಗಿ ಹಿಡಿದು ನಿಲ್ಲಿಸಿಕೊಂಡಿತ್ತು.

ಆಗ ನನಗೆ ಇಪ್ಪತ್ನಾಲ್ಕು. ಊರು ಉಳವಿ. ಹೊಸಬಾಳೆಯ ಈರಪ್ಪಗೌಡರ ಟ್ಯಾಕ್ಸಿ ಓಡಿಸುತ್ತಿದ್ದೆ, ಶಿಕಾರಿಪುರದಿಂದ ಸೊರಬಕ್ಕೆ, ಸೊರಬದಿಂದ ಶಿಕಾರಿಪುರಕ್ಕೆ. ಕಾರು ಯುದ್ಧಕ್ಕೂ ಮುಂಚಿನದು, ಕರಿಯದು, ಎಮ್ಮೆಯಂಥದ್ದು. ಐದು ಜನರಿಗೆಂದು ಮಾಡಿದ ಕಾರಿನಲ್ಲಿ ನಾನು ಹನ್ನೊಂದು ಜನರನ್ನು ಕೂರಿಸುತ್ತಿದ್ದೆ. ಬಯಲಲ್ಲಿ ಅದು ಓಡುವ ಚಂದವೇ ಚಂದ. ನನಗೂ ಓಟವೇ ಬೇಕಿತ್ತು. ಆದರೆ ದಾರಿಯಲ್ಲೊಂದು ಹುಣಸೇಮರದ ದಿಬ್ಬ ಬರುತ್ತಿತ್ತು. ಅದರ ಬುಡಕ್ಕೆ ಬಂದರೆ ಕಾರು ಉಬ್ಬಸ ಬಂದವರಂತೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಎಲ್ಲರೂ ಇಳಿಯಬೇಕು. ಇಳಿದು ಸುಮ್ಮನೆ ನಡೆದರೆ ಸಾಲದು, ನೂಕಬೇಕು. "ಚೌಡಪ್ಪನ ಕಾರಾ? ಕಾಸು ಕೊಟ್ಟು ಕೂಲಿ ಮಾಡಂಗಿದ್ರೆ ಹತ್ತಬೇಕು ನೋಡು" ಎಂದು ಜನ ಆಡಿಕೊಳ್ಳುತ್ತಿದ್ದರು.

ಆ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ಅದೇ ದಿಬ್ಬದ ಮೇಲೆ ಹಿಂದಿನ ಅಚ್ಚು ಲಟಕ್ಕೆಂದು ಮುರಿಯಿತು. ಗೌಡರ ಮಗಳ ಮದುವೆ ಎರಡು ತಿಂಗಳಲ್ಲಿತ್ತು. ಮದುಮಗಳು ತಮ್ಮದೇ ಕಾರಿನಲ್ಲಿ ಕೂತು ಗಂಡನ ಮನೆಗೆ ಹೋಗಬೇಕು ಎಂಬುದು ಗೌಡರ ಹಟ. ಕಾರನ್ನು ಎತ್ತು ಕಟ್ಟಿ ಎಳೆಸಿಕೊಂಡು ಶಿಕಾರಿಪುರಕ್ಕೆ, ವೀರಾಚಾರ್ರ ಅಂಗಳಕ್ಕೆ ತಂದೆವು.

ವೀರಾಚಾರ್ರದು ಗಾಡಿ ಮಾಡುವ ಮನೆತನ. ಅಜ್ಜನ ಕಾಲದಿಂದ ಎತ್ತಿನ ಗಾಡಿಯ ಗಾಲಿ, ಅಚ್ಚು, ನೊಗ ಎಲ್ಲ ಅವರ ಕೈಯಿಂದಲೇ ಆಗಬೇಕು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ದುಡಿದು ಮೋಟಾರು ಕೆಲಸವನ್ನೂ ಕಲಿತು ಬಂದಿದ್ದರು. ನಾನು ಸ್ಟೇರಿಂಗು ಹಿಡಿಯುವ ಮುಂಚೆ ಮೂರು ವರ್ಷ ಅವರ ಹತ್ತಿರವೇ ಕೆಲಸ ಕಲಿತವನು. ಆ ಸೀಮೆಯಲ್ಲಿ ಆಚಾರ್ರಿಗಿದ್ದ ದೊಡ್ಡ ಆಸ್ತಿಯೆಂದರೆ ಅವರ ಕೈಗುಣ. ಆಚಾರ್ರು ಕೈಯಿಟ್ಟ ಗಾಡಿ ದಾರಿಯಲ್ಲಿ ಮಗುಚುವುದಿಲ್ಲ, ಹೂಡಿದ ಎತ್ತು ಮುಗ್ಗರಿಸುವುದಿಲ್ಲ ಎಂದು ಜನ ನಂಬಿದ್ದರು. ಹೊಸ ಗಾಡಿ ಹೊರಡುವಾಗ ಗಾಲಿಗಳ ಮುಂದೆ ಅವರೇ ನಿಂಬೆಹಣ್ಣು ಇಡಬೇಕು, ಗಾಡಿ ಅದನ್ನು ತುಳಿದು ಮುಂದೆ ಹೋಗಬೇಕು. ಹಾಗಾದರೆ ಮಾತ್ರ ಅದು ಗಾಡಿ.

ಗೌಡರು ಹರಿಹರದ ಗುಜರಿಯಿಂದ ಒಂದು ಸಣ್ಣ ಲಾರಿಯ ಹಿಂದಿನ ಅಚ್ಚನ್ನು ಇಡಿಯಾಗಿ ತರಿಸಿದರು. ಅಚ್ಚಿನ ನಡುವೆ ಹೊಟ್ಟೆ ಉಬ್ಬಿದ ಕಬ್ಬಿಣದ ಡಬ್ಬಿ ಇರುತ್ತದಲ್ಲ, ಅದೇ ಹೌಸಿಂಗು. ಅದರೊಳಗೆ ಎರಡು ಹಲ್ಲಿನ ಚಕ್ರ: ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಇಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟು ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ನು ಕ್ರೌನನ್ನು, ಕ್ರೌನು ಗಾಲಿಗಳನ್ನು. ನಮ್ಮ ಹಳೇ ಅಚ್ಚಿನಲ್ಲಿ ಶಾಫ್ಟು ನಾಲ್ಕು ಸುತ್ತು ತಿರುಗುವುದರೊಳಗೆ ಗಾಲಿ ಒಂದು ಸುತ್ತು ಹಾಕುತ್ತಿತ್ತು. ಲಾರಿಯದರಲ್ಲಿ ಆರು ಸುತ್ತು ಬೇಕು.

"ಅಂದ್ರ ಕಾರು ನಿಧಾನ ಆಗ್ತತಿ ಅಲ್ರೀ ಆಚಾರ್ರೇ?" ನನ್ನ ಹೊಟ್ಟೆ ಉರಿದುಹೋಯಿತು. "ಓಡೋ ಕುದುರೀನ ಹಿಡಿದು ಕೋಣ ಮಾಡ್ತೀರಿ!"

"ಆಗ್ತತಿ ಬಿಡು. ಎತ್ತು ಹೆಜ್ಜಿ ಜಾಸ್ತಿ ಹಾಕ್ತತಿ, ಭಾರ ಹಗುರ ಆಗ್ತತಿ. ನಿನಗ ಓಡಬೇಕೋ, ಏರಬೇಕೋ?"

ಓಡಬೇಕು ಎಂದು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ.

ಎರಡು ಹಲ್ಲಿನ ಚಕ್ರಗಳು ಸರಿಯಾಗಿ ಕಚ್ಚುತ್ತವೆಯೇ ಎಂದು ನೋಡುವುದಕ್ಕೆ ಪೇಟೆಯ ಗ್ಯಾರೇಜುಗಳಲ್ಲಿ ನೀಲಿ ಬಣ್ಣ ಹಚ್ಚುತ್ತಿದ್ದರು. ಆಚಾರ್ರು ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಕ್ರೌನಿನ ಹಲ್ಲಿಗೆ ಹಚ್ಚುವರು. ತಿರುಗಿಸಿದಾಗ ಪಿನಿಯನ್ನು ಎಲ್ಲಿ ಉಜ್ಜುತ್ತದೋ ಅಲ್ಲಿ ಕುಂಕುಮ ಅಳಿಸುತ್ತದೆ. ಅಳಿಸಿದ ಗುರುತು ಹಲ್ಲಿನ ನಡುವೆ ಬಿದ್ದರೆ ಸರಿ. ಮೊದಲ ಸಲ ಹಚ್ಚಿ ತಿರುಗಿಸಿದ ಮೇಲೆ ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಬಿಸಿಲಿಗೆ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಚೌಡಾ, ಗುರುತು ಎಲ್ಲಿ ಬಿದ್ದೈತಿ ಹೇಳು."

ಕುಂಕುಮ ಅಷ್ಟು ಕೆಂಪಗೆ ಕಾಣುತ್ತಿತ್ತು, ಕುರುಡನಿಗೂ ಕಾಣಬೇಕು. ನಾನು ಅವರ ಮುಖ ನೋಡಿದೆ. ಕಣ್ಣಿನ ಕಪ್ಪಿನ ಮೇಲೆ ತೆಳ್ಳಗೆ ಹಾಲಿನ ಕೆನೆಯಂತೆ ಏನೋ ಕಟ್ಟಿತ್ತು.

"ಎಷ್ಟು ದಿನದಿಂದ್ರೀ?"

"ದೀಪಾವಳಿಯಿಂದ. ಗಾಡಿ ಕೆಲಸ ಕೈಗೆ ಗೊತ್ತೈತಿ, ಕಣ್ಣು ಬೇಕಿಲ್ಲ. ಮೋಟಾರಿಗೆ ಬೇಕಾಗ್ತತಿ. ಊರಾಗ ಗೊತ್ತಾದ್ರ ನನ್ನ ಅಂಗಳಕ್ಕ ಯಾರೂ ಬರಂಗಿಲ್ಲಪಾ. ನಿನ್ನ ಬಾಯಿಂದ ಹೊರಗ ಹೋಗಬಾರದು."

ನಾನು ಅವರ ಕೈಮುಟ್ಟಿ ಆಣೆ ಮಾಡಿದೆ. ಅಂದಿನಿಂದ ಅವರ ಕಣ್ಣು ನಾನೇ ಆದೆ. ನಾನು ಗುರುತು ಹೇಳುವುದು, ಅವರು ಉಗುರಿನಲ್ಲಿ ಹಲ್ಲು ಸವರಿ ಸರಿಮಾಡುವುದು. ಎರಡೇ ದಿನದಲ್ಲಿ ಕ್ರೌನು ಪಿನಿಯನ್ನು ಎಷ್ಟು ಹದವಾಗಿ ಕೂತವೆಂದರೆ, ಕೈಯಲ್ಲಿ ತಿರುಗಿಸಿದರೆ ಸದ್ದೇ ಇರಲಿಲ್ಲ.

ಉಳಿದದ್ದು ಶಾಫ್ಟು. ಕಾರಿನದು ತೆಳುವು, ಹೊಸ ಗೇರಿನ ಎಳೆತಕ್ಕೆ ತಿರುಚಿಕೊಳ್ಳುತ್ತದೆ. ಅಚ್ಚಿನ ಜೊತೆ ಬಂದಿದ್ದ ಲಾರಿಯದು ದಪ್ಪ, ಆದರೆ ಒಂದು ಗೇಣು ಹೆಚ್ಚು ಉದ್ದ. ಅದನ್ನು ಕೊಯ್ದು ಬೆಸೆಯುವುದಕ್ಕೆ ಶಿವಮೊಗ್ಗದ ಲೇತಿಗೇ ಹೋಗಬೇಕು. ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಬರದಿದ್ದರೆ ಕಾರು ಚಳಿಜ್ವರ ಬಂದಂತೆ ನಡುಗುತ್ತದೆ, ಅದಕ್ಕೆ ತಾವೇ ನಿಂತು ಮಾಡಿಸಬೇಕೆಂದು ಆಚಾರ್ರು ಹೊರಟರು. ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿ, ಹತ್ತುವ ಮುಂಚೆ ತಿರುಗಿ ನಿಂತು ಅಂದರು:

"ನಾ ಬರೋತನ ಹೌಸಿಂಗು ಮುಚ್ಚಬ್ಯಾಡ. ಎಡಕ್ಕ ಸುಣ್ಣದಕಡ್ಡೀಲೆ ಗುರುತು ಹಾಕೀನಿ. ಮುಟ್ಟಬ್ಯಾಡ."

ಒಂದು ದಿನ ಮುಟ್ಟಲಿಲ್ಲ. ಆ ಒಂದು ದಿನ ಹೇಗೆ ಕಳೆದೆನೋ! ಕೂತೆ, ಎದ್ದೆ, ಬೀಡಿ ಸೇದಿದೆ, ಆಚಾರ್ರ ಹೆಂಡತಿ ಗಂಗಮ್ಮನವರಿಗೆ ನೀರು ಸೇದಿಕೊಟ್ಟೆ, ಮತ್ತೆ ಬಂದು ಕೂತೆ. ಎರಡನೇ ದಿನ ಬೆಳಿಗ್ಗೆ ಗೌಡರು ಬಂದರು. "ಎಂಥದಾ ಚೌಡಪ್ಪ, ಇನ್ನೂ ಹೊಟ್ಟೆ ತೆಗೆದಿಟ್ಟುಕೊಂಡೇ ಕೂತೈತಲ್ಲ ನಮ್ಮ ಕಾರು! ಮದುವೆ ಹೊತ್ತಿಗೆ ಆಗ್ತೈತಾ ಇಲ್ವಾ ಹೇಳಿಬಿಡು ಮಾರಾಯ" ಎಂದು ಗದರಿ ಹೋದರು. ಪಕ್ಕದ ಕಣದಿಂದ ಹೊಟ್ಟು ಹಾರಿ ಬಂದು ಗೇರಿನ ಮೇಲೆ ಕೂರುತ್ತಿತ್ತು. ನನಗೊಂದು ನೆಪ ಸಾಕಾಗಿತ್ತು. ಧೂಳು ತೊಳೆಯೋಣ ಎಂದು ಕ್ರೌನನ್ನು ಹೊರಗೆ ತೆಗೆದೆ. ಅದನ್ನೂ ಹೌಸಿಂಗನ್ನೂ ಸೀಮೆಎಣ್ಣೆಯಲ್ಲಿ ಚೆನ್ನಾಗಿ ತಿಕ್ಕಿದೆ. ಸುಣ್ಣದಕಡ್ಡಿಯ ಗುರುತೂ ಧೂಳಿನ ಜೊತೆಗೇ ತೊಳೆದುಹೋಯಿತು.

ಆ ಹೌಸಿಂಗು ಎರಡು ಹೋಳಿನದು, ಎಡಕ್ಕೂ ಬಲಕ್ಕೂ ಒಂದೇ ಆಕಾರ. ಕ್ರೌನು ಎಡಕ್ಕೆ ಕೂರಿಸಿದರೂ ಕೂರುತ್ತದೆ, ಬಲಕ್ಕೆ ಕೂರಿಸಿದರೂ ಕೂರುತ್ತದೆ. ನಾನು ಬಲಕ್ಕೆ ಕೂರಿಸಿದೆ. ಎಡ ಯಾವುದು, ಬಲ ಯಾವುದು ಎಂದು ಯೋಚನೆ ಮಾಡುವಷ್ಟು ಪುರುಸೊತ್ತು ನನಗೆಲ್ಲಿತ್ತು? ಕುಂಕುಮ ಹಚ್ಚಿ ನೋಡಿದೆ, ಗುರುತು ನಡುವೆಯೇ ಬಿತ್ತು. ಭೇಷ್ ಚೌಡಪ್ಪ ಎಂದು ನನಗೆ ನಾನೇ ಹೇಳಿಕೊಂಡು ಬೋಲ್ಟು ಬಿಗಿದು ಮುಚ್ಚಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನ ಅವ್ವ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಸಂಜೆ ಆಚಾರ್ರು ಶಾಫ್ಟಿನ ಜೊತೆ ಬಂದಿಳಿದರು. ಹೌಸಿಂಗಿನ ಮೇಲೆ ಕೈಯಾಡಿಸಿದರು.

"ಮುಚ್ಚಿದೇನು?"

"ಹ್ಞೂಂ ರೀ. ಧೂಳು ಬೀಳ್ತಿತ್ತು. ನೀವು ಇಟ್ಟಂಗೇ ಐತಿ."

ನೀವು ಇಟ್ಟಂಗೇ ಐತಿ! ಎಷ್ಟು ಸಲೀಸಾಗಿ ಬಂತು ಆ ಮಾತು. ಮರುದಿನ ಶಾಫ್ಟು ಕೂರಿಸಿ, ಹಿಂದಿನ ಗಾಲಿಗಳನ್ನು ಜ್ಯಾಕಿನ ಮೇಲೆ ಎತ್ತಿ ಇಂಜಿನ್ನು ಚಾಲೂ ಮಾಡಿದೆವು. ಆಚಾರ್ರು ಡ್ರೈವರ್ ಸೀಟಿನಲ್ಲಿ, ನಾನು ಕಾರಿನ ಕೆಳಗೆ. ಒಂದನೇ ಗೇರು ಹಾಕಿ ಅವರು ಕೂಗಿ ಕೇಳಿದರು: "ಗಾಲಿ ತಿರುಗ್ತಾವೇನು?"

"ತಿರುಗ್ತಾವ್ರೀ!"

"ಸರಿ ತಿರುಗ್ತಾವೇನು ನೋಡಿ ಹೇಳು."

ನಾನು ಕೆನ್ನೆಯನ್ನು ನೆಲಕ್ಕೆ ಒತ್ತಿ ಹೌಸಿಂಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯೇ ಎಂದು ನೋಡುತ್ತಿದ್ದೆ. ಒಂದು ಹನಿಯೂ ಇಲ್ಲ. ಖುಷಿಯಲ್ಲಿ "ಸರಿ ಐತ್ರೀ" ಎಂದೆ. ಕಣ್ಣಿಲ್ಲದವರು ನೋಡು ಎಂದರು, ಕಣ್ಣಿದ್ದ ನಾನು ನೋಡಲಿಲ್ಲ.

ಅದರ ಮರುದಿನ ಬೆಳಿಗ್ಗೆ ಪೂಜೆ. ಗೌಡರು, ಅವರ ಅಕ್ಕ ದೊಡ್ಡಮ್ಮ, ಹೊಸಬಾಳೆಯ ಹತ್ತು ಜನ, ಶಿಕಾರಿಪುರದ ಅರ್ಧ ಪೇಟೆ ಬಂದು ಆಚಾರ್ರ ಅಂಗಳ ತುಂಬಿತ್ತು. ಕಾರಿಗೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ. ಆಚಾರ್ರು ಮಡಿ ಪಂಚೆ ಉಟ್ಟು, ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣನ್ನು ಕೈಯಲ್ಲಿ ತಡವಿ ತಡವಿ ಇಟ್ಟರು. ತಡವುವುದು ಭಕ್ತಿಯೆಂದು ಜನ ತಿಳಿದರು. ಕಾಯಿ ಒಡೆದಾಯಿತು. "ಹ್ಞಾಂ, ಬಿಡಪಾ ಚೌಡಪ್ಪ" ಎಂದರು.

ನಾನು ಗತ್ತಿನಿಂದ ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಕಾರು ಹಿಂದಕ್ಕೆ ಹೋಯಿತು.

ಬ್ರೇಕು ತುಳಿದೆ. ಗೇರು ತಪ್ಪಿತೇನೋ ಎಂದು ಲಿವರು ಎಳೆದು ಎರಡನೆಯದಕ್ಕೆ ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ, ಕಾದ ಗಾಲಿಪಟ್ಟಿ ತಣಿಸುವ ನೀರಿನ ಬಾನಿಗೆ ಗುದ್ದಿ ನಿಂತಿತು. ಬಾನಿ ಒಡೆದು ನೀರೆಲ್ಲ ಗೌಡರ ಚಪ್ಪಲಿಯ ಮೇಲೆ ಹರಿಯಿತು. ಜನ ಹೋ ಎಂದು ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕಾರು ಹಿಂದೆ ಸರಿದ ಜಾಗದಲ್ಲಿ ನಾಲ್ಕು ನಿಂಬೆಹಣ್ಣು ಇಟ್ಟ ಹಾಗೇ ಇದ್ದವು.

"ಅಯ್ಯಯ್ಯೋ ಶಿವನೇ," ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ನಿಂಬೆಹಣ್ಣು ಮುಟ್ಟದೆ ಹಿಂದಕ್ಕೆ ಹೋತಲ್ಲಾ! ನಮ್ಮ ಹುಡುಗಿ ಇದರಲ್ಲಿ ಕೂರೋದು ಬ್ಯಾಡವೇ ಬ್ಯಾಡ."

ಗೌಡರ ಮುಖ ಕಪ್ಪಿಟ್ಟಿತು. "ಏನ್ರೀ ಆಚಾರ್ರೇ, ನಿಮ್ಮ ಕೈಗುಣ ಎಲ್ಲಿಗೆ ಹೋತು?"

ಆಚಾರ್ರು ಕಾರಿನ ಕಡೆಗಲ್ಲ, ನನ್ನ ಕಡೆಗೆ ಮುಖ ಮಾಡಿ ನಿಂತಿದ್ದರು. ಅವರಿಗೆ ನಾನು ಎಷ್ಟು ಕಾಣುತ್ತಿದ್ದೆನೋ ಗೊತ್ತಿಲ್ಲ. ನಾನು ಬಾಯಿ ತೆರೆಯಬೇಕಿತ್ತು. ಎರಡು ಕೈಯಲ್ಲೂ ಸ್ಟೇರಿಂಗು ಹಿಡಿದು ಕೂತೇ ಇದ್ದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಗೌಡರಿಗೆ ಕೈಮುಗಿದರು.

"ಕ್ರೌನು ಮಗ್ಗಲು ತಪ್ಪಿ ಕೂತೈತಿ, ಅದಕ್ಕ ಗಾಲಿ ಉಲ್ಟಾ ತಿರುಗ್ತಾವು. ನನ್ನ ತಪ್ಪು ಗೌಡ್ರೇ. ನನಗ ಕಣ್ಣು ಸರಿ ಕಾಣವಲ್ವು."

ಯಾವ ಮಾತು ನನ್ನ ಬಾಯಿಂದ ಹೊರಗೆ ಹೋಗಬಾರದೆಂದು ಆಣೆ ಹಾಕಿಸಿದ್ದರೋ, ಆ ಮಾತನ್ನು ಊರ ಮುಂದೆ ಅವರೇ ಆಡಿದರು.

ಮರುದಿನ ಅವರೇ ಹೌಸಿಂಗು ಬಿಚ್ಚಿ ಕ್ರೌನನ್ನು ಎಡಕ್ಕೆ ಕೂರಿಸಿದರು. ನಾನು ಪಾನಾ ಕೊಟ್ಟೆ, ಕುಂಕುಮದ ಗುರುತು ಹೇಳಿದೆ. ಒಂದು ಬೈಗುಳವಿಲ್ಲ. ಬೈದು ನಾಲ್ಕು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮದುಮಗಳು ಎತ್ತಿನ ಗಾಡಿಯಲ್ಲೇ ಹೋದಳು. ಆದರೆ ಕಾರು, ಅದರ ಹೊಸ ಗೇರು, ಹೊಸ ಶಾಫ್ಟು ಹೇಗೆ ಕೆಲಸ ಮಾಡಿದವೆಂದರೆ, ಹುಣಸೇಮರದ ದಿಬ್ಬವನ್ನು ಹನ್ನೆರಡು ಜನರನ್ನೂ ಎರಡು ಅಕ್ಕಿ ಮೂಟೆಯನ್ನೂ ಹೊತ್ತುಕೊಂಡು ಒಂದೇ ಉಸಿರಿಗೆ ಏರಿತು. ಬಯಲಿನಲ್ಲಿ ನಿಧಾನವಾಯಿತು, ಇಂಜಿನ್ನು ಕಿರುಚುತ್ತಿತ್ತು, ಅದು ಬೇರೆ ಮಾತು. ಯಾರೂ ಇಳಿಯಬೇಕಿಲ್ಲ, ನೂಕಬೇಕಿಲ್ಲ. ಜನ ಏನೆಂದರು ಗೊತ್ತೇ? ಆಚಾರ್ರು ಕೆಡಿಸಿದ್ದನ್ನು ಚೌಡಪ್ಪ ಸರಿಮಾಡಿದ. ಚೌಡಪ್ಪನ ಕೈಗುಣ ದೊಡ್ಡದು!

ಬಿತ್ತನೆಗೆ ಮುಂಚೆ ಗಾಡಿಗಳೆಲ್ಲ ರಿಪೇರಿಗೆ ಬರುವ ಕಾಲ ಅದು. ಬೇರೆ ವರ್ಷವಾಗಿದ್ದರೆ ಆಚಾರ್ರ ಅಂಗಳದಲ್ಲಿ ಗಾಡಿಗಳು ಸಾಲುಗಟ್ಟಿ, ಗಾಲಿಪಟ್ಟಿ ಕಾಯಿಸುವ ಬೆರಣಿಯ ಹೊಗೆ ಬೀದಿ ತುಂಬುತ್ತಿತ್ತು. ಆ ಬೇಸಿಗೆ ಅಶ್ವಿನಿ ಮಳೆ ಬಂದು ಹೋಯಿತು, ಒಂದು ಗಾಡಿ ಬರಲಿಲ್ಲ. "ನಮ್ಮ ಬಾಗಲ ಮುಂದನ ಹಾದು ಶಿರಾಳಕೊಪ್ಪಕ್ಕ ಹೊಡ್ಕೊಂಡು ಹೋಗ್ತಾರಪಾ ಚೌಡಪ್ಪ. ಇವರು ಸಪ್ಪಳ ಕೇಳೇ ಯಾರ ಗಾಡಿ ಅಂತ ಹೇಳ್ತಾರ" ಎಂದರು ಗಂಗಮ್ಮ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನಕ್ಕೆ ನಾಲ್ಕು ಸಲ ಅವರ ಬೀದಿಗೆ ಹೋಗಿ ತಿರುಗಿ ಬರುತ್ತಿದ್ದೆ. ಜೀವನದಲ್ಲಿ ಒಂದೇ ಒಂದು ಕೆಲಸಕ್ಕೆ ನಾನು ಅವಸರ ಮಾಡಲಿಲ್ಲ, ಅದು ಇದು.

ಭರಣಿ ಮಳೆ ಹನಿಯುತ್ತಿದ್ದ ಒಂದು ಮಧ್ಯಾಹ್ನ ಕೊನೆಗೂ ಹೋಗಿ ಅವರ ಕಾಲ ಬುಡದಲ್ಲಿ ಕೂತೆ. ಅವರು ಕೊಡಲಿ ಕಾವು ಹೆರೆಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಧೂಳು, ಸೀಮೆಎಣ್ಣೆ, ಜ್ಯಾಕು, ಒಂದನ್ನೂ ಬಿಡಲಿಲ್ಲ. ಅವರ ಕೈ ನಿಲ್ಲಲಿಲ್ಲ.

"ಗೊತ್ತೈತಿ," ಎಂದರು. "ನಾ ಎಡಕ್ಕ ಇಟ್ಟಿದ್ದು ಬಲಕ್ಕ ತಾನಾಗಿ ಹೋಗ್ತತೇನು? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಬಂದೀಯಾ?"

"ಮತ್ತೆ ಯಾರಿಗೆ ಹೇಳಲಿ ಆಚಾರ್ರೇ?"

"ಊರಿಗೆ ಹೇಳು. ನನ್ನ ಹೆಸರು ಹೋಗಿದ್ದು ಊರಾಗ."

ಮಾತು ಕೊಡಲಿಯ ಹಾಗೇ ಬಿತ್ತು. ಮರುದಿನ ತುಂಬಿದ ಕಾರನ್ನು ಹುಣಸೇಮರದ ದಿಬ್ಬದ ನಟ್ಟನಡುವೆ ನಿಲ್ಲಿಸಿದೆ. "ಯಾಕಾ, ಮತ್ತೆ ನೂಕಬೇಕೇನಾ?" ಎಂದರು ಹಿಂದೆ ಕೂತವರು. ಇಳಿದು ಬಾಗಿಲ ಹತ್ತಿರ ನಿಂತು ಹೇಳಿದೆ, ತಪ್ಪು ನನ್ನದು, ಹೌಸಿಂಗು ಮುಚ್ಚಿದವನು ನಾನು, ಆಚಾರ್ರು ನನ್ನನ್ನು ಉಳಿಸುವುದಕ್ಕೆ ಹಾಗಂದರು. ಹನ್ನೆರಡು ಜನ ಪಿಳಿಪಿಳಿ ಕಣ್ಣು ಬಿಟ್ಟು ನೋಡಿದರು. ಆಮೇಲೆ ನಮ್ಮ ಉಳವಿಯ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

"ಎಂಥಾ ಶಿಷ್ಯ ಮಾರಾಯ! ಗುರುವಿನ ತಪ್ಪನ್ನ ತನ್ನ ತಲೆ ಮೇಲೆ ಹೊತ್ತುಕೊಳ್ತಾನೆ ನೋಡ್ರಾ. ಈ ಕಾಲದಲ್ಲಿ ಯಾರಿದಾರೆ ಹಿಂಗೆ?"

"ಅಲ್ಲಪ್ಪಾ, ದೇವರಾಣೆಗೂ ನಾನೇ..."

"ಆತಾತು, ಹತ್ತು, ಹೊತ್ತಾತು."

ಗೌಡರ ಹತ್ತಿರ ಹೋದೆ. "ಸಾಕು ಸುಮ್ನಿರಾ. ಅವರೇ ಬಾಯಿಬಿಟ್ಟು ಒಪ್ಪಿಕೊಂಡಿದಾರೆ. ಕಣ್ಣು ಕಾಣದಿದ್ದದ್ದು ಸುಳ್ಳಾ?" ಎಂದರು. ಸೊರಬದ ಹೋಟೆಲಿನಲ್ಲಿ ಹೇಳಿದೆ, ಶಿಕಾರಿಪುರದ ಸಂತೆಯಲ್ಲಿ ಹೇಳಿದೆ. ಹೇಳಿದಷ್ಟೂ ನನ್ನ ಹೆಸರು ಏರಿತು. ಜನ ತಮ್ಮ ಪಂಪು, ಗಿರಣಿ ಇಂಜಿನ್ನು ಎಲ್ಲವನ್ನೂ ನನ್ನ ಹತ್ತಿರವೇ ತರತೊಡಗಿದರು. ಥೂ, ನನ್ನ ಬಾಳೇ!

ಮಳೆಗಾಲ ಹಿಡಿಯುವ ಮೊದಲೇ ಆಚಾರ್ರು ಅಂಗಳ ಖಾಲಿ ಮಾಡಿ ಆನವಟ್ಟಿಯಲ್ಲಿದ್ದ ಮಗಳ ಮನೆಗೆ ಹೊರಟರು. ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ, ಬೇಡವೆನ್ನಲಿಲ್ಲ. ಗಂಗಮ್ಮ ಮುಂದೆ ಕೂತರು. ಆಚಾರ್ರು ಹಿಂದೆ, ಸರಿಯಾಗಿ ಹೌಸಿಂಗಿನ ಮೇಲೆ ಬರುವ ಜಾಗದಲ್ಲಿ ಕೂತು ಕಿವಿ ಕೆಳಗೆ ಬಗ್ಗಿಸಿದರು. ದಿಬ್ಬ ಬಂತು. ಗುಡವಿ ಕಡೆಗೆ ಬಿಳಿ ಹಕ್ಕಿಗಳ ಸಾಲೊಂದು ಹಾರುತ್ತಿತ್ತು. ಅವರಿಗೆ ತೋರಿಸಲೆಂದು ಕೈ ಎತ್ತಿ, ಸುಮ್ಮನೆ ಇಳಿಸಿದೆ.

"ಹೇಳಿದೆ ಆಚಾರ್ರೇ. ಯಾರೂ ನಂಬವಲ್ರು."

ಆ ಬೇಸಿಗೆಯಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಹೊಟ್ಟೆ ಹಿಡಿದು ನಕ್ಕರು, ಗಂಗಮ್ಮ ತಿರುಗಿ ನೋಡುವಷ್ಟು. ಆಮೇಲೆ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಗೇರಿನ ಸದ್ದಿಲ್ಲದೆ ಕಾರು ದಿಬ್ಬ ಏರುತ್ತಿತ್ತು.

"ಗೇರು ಚಲೋ ಕೂತಾವು," ಎಂದರು. ಕಾರು ದಿಬ್ಬದ ತುದಿ ಮುಟ್ಟಿದಾಗ, "ಹೇಳ್ತಾ ಇರು. ಒಂದು ಸಲಕ್ಕ ಏರಂಗಿಲ್ಲ."

ಮುಂದಿನ ಬೇಸಿಗೆಗೆ ಅವರು ಇರಲಿಲ್ಲ.

ಹೋದ ತಿಂಗಳು ಆ ಗ್ಯಾರೇಜಿನವರು ನನ್ನ ಗುರುತು ಹಿಡಿದು ಕುರ್ಚಿ ಹಾಕಿ ಕೂರಿಸಿದರು. "ನಮ್ಮಪ್ಪ ನಿಮ್ಮ ಕೈಗುಣದ ಬಗ್ಗೆ ಹೇಳ್ತಿದ್ರು ಅಜ್ಜಾರೇ. ಹೌಸಿಂಗು ಮುಚ್ಚೋ ಮುಂಚೆ ಒಂದ್ಸಲ ಕೈ ಇಟ್ಟುಬಿಡ್ರಿ" ಎಂದರು. ನಾನು ಕೈ ಇಡಲಿಲ್ಲ. ಕ್ರೌನು ಯಾವ ಮಗ್ಗಲಿಗಿದೆ ಎಂದು ಬಗ್ಗಿ ನೋಡಿದೆ, ಆಮೇಲೆ ಅವರಿಗೂ ಎಲ್ಲ ಹೇಳಿದೆ. ಅವರು ಕೈಯೊರೆಸುತ್ತಾ ಕೊನೆಯವರೆಗೂ ಕೇಳಿ, "ಈಗಿನ ಹುಡುಗ್ರಿಗೆ ನಿಮ್ಮಂಥಾ ಗುರುಭಕ್ತಿ ಎಲ್ಲೈತ್ರೀ" ಎಂದು ನನ್ನ ಕಾಲು ಮುಟ್ಟಲು ಬಗ್ಗಿದರು. ಕಾಲು ಹಿಂದಕ್ಕೆ ಎಳೆದುಕೊಂಡೆ.

ಬಾಯಿಮಾತಿಗೆ ಇಷ್ಟೇ ಬೆಲೆ ಎಂದು ಈಗ ಬರೆದಿಡುತ್ತಿದ್ದೇನೆ. ಓದಿದವರು ಇದನ್ನೂ ದೊಡ್ಡ ಗುಣ ಎನ್ನಬೇಡಿ, ನಿಮ್ಮ ದಮ್ಮಯ್ಯ. ವೀರಾಚಾರ್ರು ಕ್ರೌನನ್ನು ಎಡಕ್ಕೇ ಇಟ್ಟಿದ್ದರು. ಹೌಸಿಂಗು ಮುಚ್ಚಿದವನು ನಾನು.